ಸೂಟ್‌ಕೇಸಿನಲ್ಲಿ ಬಂದ ಐದು ಡಬ್ಬಿಗಳು

"ಯಾವುದಾದರೂ ಔಷಧ ತೆಗೆದುಕೊಳ್ಳುತ್ತಿದ್ದೀರಾ?" ಎಂದು ನಾನು ಕೇಳಿದಾಗ ಆತ ತಡಮಾಡದೆ "ಇಲ್ಲ" ಎಂದರು. ಪಕ್ಕದಲ್ಲಿ ಕುಳಿತಿದ್ದ ಪತ್ನಿ ಒಂದು ಕ್ಷಣ ಅವರ ಮುಖ ನೋಡಿದರು. ಬಳಿಕ ಮೆಲುದನಿಯಲ್ಲಿ, "ಔಷಧ ಅಲ್ಲ ಡಾಕ್ಟರೇ, ಊರಿಂದ ತಂದ ಪುಡಿಗಳಿವೆ" ಎಂದರು.

ಫ್ರಾಂಕ್‌ಫರ್ಟ್‌ನಿಂದ ದಕ್ಷಿಣಕ್ಕೆ ಸುಮಾರು ಮೂವತ್ತು ಕಿಲೋಮೀಟರ್ ದೂರದಲ್ಲಿರುವ ಡಾರ್ಮ್‌ಸ್ಟಾಟ್ ವಿಜ್ಞಾನದ ಊರು. ಇಲ್ಲಿಯ ಪ್ರಯೋಗಾಲಯದಲ್ಲಿ 1994ರಲ್ಲಿ ಸೃಷ್ಟಿಯಾದ ಮೂಲವಸ್ತುವಿಗೆ ಊರಿನ ಹೆಸರನ್ನೇ ಇಟ್ಟು ಡಾರ್ಮ್‌ಸ್ಟಾಟಿಯಂ ಎಂದು ಕರೆದಿದ್ದಾರೆ. ತಾಂತ್ರಿಕ ವಿಶ್ವವಿದ್ಯಾಲಯಕ್ಕೂ ಸುತ್ತಲಿನ ಕಂಪನಿಗಳಿಗೂ ನಮ್ಮ ನಾಡಿನ ತರುಣರು ವರ್ಷವರ್ಷವೂ ಬರುತ್ತಾರೆ. ಕನ್ನಡ ಬಲ್ಲ ವೈದ್ಯನೆಂಬ ಕಾರಣಕ್ಕೆ ಅವರಲ್ಲಿ ಕೆಲವರು ನನ್ನನ್ನು ಹುಡುಕಿಕೊಂಡು ಬರುವುದುಂಟು. ಈ ದಂಪತಿಯೂ ಹಾಗೆಯೇ ಬಂದವರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಆತನಿಗೆ ಮೂವತ್ತಾರು, ಪತ್ನಿಗೆ ಮೂವತ್ನಾಲ್ಕು. ಸದಾ ಆಯಾಸ, ಆಗಾಗ ತಲೆನೋವು ಎಂಬುದು ಆತನ ದೂರು. ರಕ್ತಪರೀಕ್ಷೆಯಲ್ಲಿ ಯಕೃತ್ತಿನ ಕಿಣ್ವಗಳು ಇರಬೇಕಾದುದಕ್ಕಿಂತ ಎರಡು ಪಟ್ಟು ಏರಿದ್ದವು. ಮದ್ಯಪಾನವಿಲ್ಲ, ಕಾಮಾಲೆಯ ಸೋಂಕಿಲ್ಲ. ಆದ್ದರಿಂದಲೇ ನಾನು ಔಷಧದ ಪ್ರಶ್ನೆ ಕೇಳಿದ್ದು. ಮರುವಾರ ಅವರು ಒಂದು ಚೀಲ ಹಿಡಿದು ಬಂದರು. ಮೇಜಿನ ಮೇಲೆ ಐದು ಡಬ್ಬಿಗಳು ಸಾಲಾಗಿ ನಿಂತವು: ಅಶ್ವಗಂಧ, ನಸುಗುನ್ನಿ ಬೀಜದ ಪುಡಿ, ಶತಾವರಿ, ನೆಗ್ಗಿಲು, ಐದನೆಯದು ಹೆಸರೂ ಇಲ್ಲದ, ತಯಾರಕರ ವಿಳಾಸವೂ ಇಲ್ಲದ ಒಂದು ಕಂದು ಬಣ್ಣದ ಚೂರ್ಣ. ಎರಡೂವರೆ ವರ್ಷಗಳಿಂದ ದಿನಕ್ಕೆ ಎರಡು ಬಾರಿ, ಹಾಲಿನಲ್ಲಿ ಕಲಸಿ ಸೇವಿಸುತ್ತಿದ್ದರಂತೆ. ಊರಿಗೆ ಹೋದಾಗಲೆಲ್ಲ ತಾಯಿ ಸೂಟ್‌ಕೇಸಿನಲ್ಲಿ ಉಪ್ಪಿನಕಾಯಿಯ ಪಕ್ಕದಲ್ಲಿ ಇವನ್ನೂ ಜೋಡಿಸಿ ಕಳುಹಿಸುತ್ತಿದ್ದರು.

ಮದುವೆಯಾಗಿ ಐದು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಪತ್ನಿಯ ಕಡತ ದಪ್ಪವಾಗಿತ್ತು: ಹಾರ್ಮೋನ್ ಪರೀಕ್ಷೆಗಳು, ಸ್ಕ್ಯಾನ್‌ಗಳು, ಗರ್ಭನಾಳದ ಪರೀಕ್ಷೆ, ಒಂದು ಲ್ಯಾಪರೋಸ್ಕೋಪಿ. ಎಲ್ಲವೂ ಸಹಜವೆಂದೇ ಬರೆದಿತ್ತು. "ನಿಮ್ಮ ವೀರ್ಯ ಪರೀಕ್ಷೆಯ ವರದಿ?" ಎಂದು ಆತನನ್ನು ಕೇಳಿದೆ. ಆತ ಡಬ್ಬಿಗಳತ್ತ ನೋಡಿದರು. ಒಮ್ಮೆಯೂ ಮಾಡಿಸಿರಲಿಲ್ಲ. ಒಂದು ಹೆಣ್ಣಿನ ಹೊಟ್ಟೆಯನ್ನು ಅರಿವಳಿಕೆ ಕೊಟ್ಟು ತೆರೆದು ನೋಡಲಾಗಿತ್ತು. ಒಂದು ಚಿಕ್ಕ ಬಟ್ಟಲಿನಲ್ಲಿ ಮುಗಿಯುವ ಪರೀಕ್ಷೆಯನ್ನು ಗಂಡಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಆತ ಮಾಡಿಸಿರಲಿಲ್ಲ.

ಇದರಲ್ಲಿ ಆತನೊಬ್ಬನದೇ ತಪ್ಪೆಂದು ನಾನು ಹೇಳಲಾರೆ. ನಮ್ಮ ಭಾಷೆಯನ್ನೇ ನೋಡಿ. 'ಬಂಜೆ' ಎಂಬ ಮಾತು ಹೆಣ್ಣಿಗೆ ಮಾತ್ರ ಸಲ್ಲುತ್ತದೆ. ಅದಕ್ಕೆ ಪುಲ್ಲಿಂಗ ರೂಪವಿಲ್ಲ. ಗಂಡಿಗೆ ಬಳಸುವ ಪದಗಳೆಲ್ಲ ಬೈಗುಳಗಳು, ಅವೂ ಲೈಂಗಿಕ ಸಾಮರ್ಥ್ಯಕ್ಕೆ ಸಂಬಂಧಿಸಿದವು. ಸಾಮರ್ಥ್ಯ ಬೇರೆ, ವೀರ್ಯಾಣುಗಳ ಸಂಖ್ಯೆ ಬೇರೆ. ಸಂಪೂರ್ಣ ಸಮರ್ಥನಾದ ಪುರುಷನ ವೀರ್ಯದಲ್ಲಿ ಒಂದೇ ಒಂದು ವೀರ್ಯಾಣು ಇಲ್ಲದಿರಬಹುದು. ಅದು ಬರಿಗಣ್ಣಿಗೆ ತಿಳಿಯುವುದೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ನೀಡಿದ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಆರರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಸಂತಾನಹೀನತೆಯನ್ನು ಎದುರಿಸುತ್ತಾರೆ. ಅಂಥ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಾರಣವೂ ಸೇರಿರುತ್ತದೆ. ಪರೀಕ್ಷೆಗೆ ಹೋದರೆ ಮರ್ಯಾದೆ ಹೋದೀತೆಂಬ ಅಂಜಿಕೆ ಗಂಡಸನ್ನು ಡಬ್ಬಿಗಳತ್ತ ಒಯ್ಯುತ್ತದೆ. ಪುಡಿಯನ್ನು ಅಡುಗೆಮನೆಯ ಬಾಗಿಲು ಮುಚ್ಚಿ ಸೇವಿಸಬಹುದು. ಬಟ್ಟಲನ್ನು ಪ್ರಯೋಗಾಲಯಕ್ಕೆ ಕೊಡಲೇಬೇಕು.

ಹಾಗಾದರೆ ಈ ಪುಡಿಗಳಲ್ಲಿ ಏನೂ ಇಲ್ಲವೆ? ಇದೆ. ಅದನ್ನು ಅಲ್ಲಗಳೆಯುವ ಉದ್ದೇಶ ನನಗಿಲ್ಲ. ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕ ಸಂಹಿತೆಯ ಚಿಕಿತ್ಸಾಸ್ಥಾನದ ಎರಡನೆಯ ಅಧ್ಯಾಯ ಅದಕ್ಕೇ ಮೀಸಲಾಗಿದೆ. ಆಧುನಿಕ ಪರೀಕ್ಷೆಗಳೂ ನಡೆದಿವೆ. ಲಖನೌದ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು 75 ಮಂದಿ ಸಂತಾನಹೀನ ಪುರುಷರಿಗೆ ದಿನಕ್ಕೆ 5 ಗ್ರಾಂನಂತೆ ಮೂರು ತಿಂಗಳು ನಸುಗುನ್ನಿ ಬೀಜದ ಪುಡಿಯನ್ನು ಕೊಟ್ಟು ಅದರ ಫಲಿತಾಂಶವನ್ನು 2009ರಲ್ಲಿ ಪ್ರಕಟಿಸಿದರು. ಅಶ್ವಗಂಧದ ಬಗ್ಗೆ ಅಂಥದೇ ವರದಿ 2010ರಲ್ಲಿ ಬಂತು. ಎರಡರಲ್ಲೂ ವೀರ್ಯಾಣುಗಳ ಸಂಖ್ಯೆಯೂ ಟೆಸ್ಟೋಸ್ಟೆರಾನ್ ಪ್ರಮಾಣವೂ ಏರಿದುದು ಕಂಡುಬಂತು. 2013ರಲ್ಲಿ 46 ಪುರುಷರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಶ್ವಗಂಧದ ಸಾರವನ್ನೂ ಇನ್ನೊಂದಕ್ಕೆ ಹುಸಿಗುಳಿಗೆಯನ್ನೂ 90 ದಿನ ಕೊಟ್ಟಾಗ ಸಾರ ಪಡೆದವರ ವೀರ್ಯಾಣು ಸಂಖ್ಯೆ ಶೇ. 167ರಷ್ಟು ಹೆಚ್ಚಿತು.

ಇಂಥ ಅಂಕಿಯೇ ಅಂತರ್ಜಾಲದ ಜಾಹೀರಾತುಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದು. ಆದರೆ ಓದುಗರು ಮೂರು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು, ಒಬ್ಬನದೇ ವೀರ್ಯಾಣು ಸಂಖ್ಯೆ ತಿಂಗಳಿಂದ ತಿಂಗಳಿಗೆ ಬಹಳ ಏರಿಳಿಯುತ್ತದೆ. ತೀರ ಕಡಿಮೆ ಬಂದಾಗ ಅಳೆದರೆ ಮುಂದಿನ ಬಾರಿ ಏನೂ ಮಾಡದೆಯೂ ಅದು ಸ್ವಲ್ಪ ಏರಿರುವ ಸಂಭವವೇ ಹೆಚ್ಚು. ಎರಡನೆಯದು, ಹತ್ತಾರು ಮಂದಿಯ ಅಧ್ಯಯನ ಒಂದು ಸುಳಿವು ಮಾತ್ರ, ತೀರ್ಪಲ್ಲ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ದಂಪತಿಗೆ ಬೇಕಾದುದು ಸಂಖ್ಯೆಯಲ್ಲ, ಮಗು. ಈ ಅಂತರ ಎಷ್ಟು ದೊಡ್ಡದೆಂಬುದಕ್ಕೆ ಸತು ಮತ್ತು ಫೋಲಿಕ್ ಆಮ್ಲದ ಕಥೆಯೇ ಸಾಕ್ಷಿ. ಇವೆರಡೂ ಪುರುಷನ ಫಲವಂತಿಕೆ ಹೆಚ್ಚಿಸುತ್ತವೆಂದು ಸಣ್ಣ ಅಧ್ಯಯನಗಳು ಹೇಳುತ್ತಿದ್ದವು. ಅಮೆರಿಕದಲ್ಲಿ 2,370 ದಂಪತಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಗುಳಿಗೆ ನುಂಗಿದವರ ಗುಂಪಿನಲ್ಲಿ ಶೇ. 34, ನುಂಗದವರ ಗುಂಪಿನಲ್ಲಿ ಶೇ. 35 ಮಂದಿಗೆ ಮಗುವಾಯಿತು. ಅಶ್ವಗಂಧಕ್ಕೂ ನಸುಗುನ್ನಿಗೂ ಅಷ್ಟು ದೊಡ್ಡ ಒರೆಗಲ್ಲು ಇನ್ನೂ ಎದುರಾಗಿಲ್ಲ.

ಗಿಡಮೂಲಿಕೆಯಿಂದ ಪ್ರಯೋಜನವಾಗದಿದ್ದರೂ ಹಾನಿಯೇನಿಲ್ಲ ಎಂಬ ಮಾತನ್ನು ನಾನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇದಕ್ಕೆ ಉತ್ತರ ನಮ್ಮ ಕರ್ನಾಟಕದಲ್ಲೇ ಇದೆ. ಗುಲ್ಬರ್ಗ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು ಹೊಲಗಳಲ್ಲಿ ಹಸಿರೆಲೆ ಗೊಬ್ಬರಕ್ಕೂ ನಾರಿಗೂ ಬೆಳೆಯುವ ಸೆಣಬಿನ ಬೀಜದ ಸಾರವನ್ನು ಗಂಡು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳ ವೃಷಣಗಳಲ್ಲಿ ವೀರ್ಯಾಣುಗಳ ಉತ್ಪತ್ತಿ ಕುಗ್ಗಿತೆಂದು 2004ರಲ್ಲಿ ಪುರುಷರೋಗ ವಿಜ್ಞಾನದ ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ವರದಿ ಮಾಡಿದರು. ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯದಲ್ಲಿ ಪಪಾಯಿ ಬೀಜದ ಸಾರವನ್ನು ಲಂಗೂರ್ ಕೋತಿಗಳಿಗೆ ಕೊಟ್ಟಾಗ ಅವುಗಳ ವೀರ್ಯದಲ್ಲಿ ವೀರ್ಯಾಣುಗಳೇ ಇಲ್ಲವಾದವು; ಸಾರವನ್ನು ನಿಲ್ಲಿಸಿದ ಮೇಲೆ ಮರಳಿ ಬಂದವು. ಇವು ಗಂಡಸರಿಗೆ ಗರ್ಭನಿರೋಧಕವೊಂದನ್ನು ಹುಡುಕುವ ಪ್ರಯತ್ನಗಳು.

ಮನುಷ್ಯರ ಮೇಲೆಯೇ ಆದ ಪ್ರಸಂಗ ಚೀನಾದ್ದು. ಅಲ್ಲಿಯ ಕೆಲವು ಹಳ್ಳಿಗಳಲ್ಲಿ ಶುದ್ಧೀಕರಿಸದ ಹತ್ತಿಬೀಜದ ಎಣ್ಣೆಯಲ್ಲಿ ಅಡುಗೆ ಮಾಡಲು ತೊಡಗಿದ ಮೇಲೆ ಮಕ್ಕಳಾಗುವುದು ನಿಂತಿತು. ಕಾರಣ ಹತ್ತಿಬೀಜದಲ್ಲಿರುವ ಗಾಸಿಪಾಲ್ ಎಂಬ ವಸ್ತು. 1970ರ ದಶಕದಲ್ಲಿ 8,000ಕ್ಕೂ ಹೆಚ್ಚು ಪುರುಷರಿಗೆ ಅದನ್ನೇ ಗರ್ಭನಿರೋಧಕ ಗುಳಿಗೆಯಾಗಿ ಕೊಟ್ಟು ನೋಡಿದರು. ಗುಳಿಗೆ ಬಹುತೇಕ ಎಲ್ಲರಲ್ಲೂ ಕೆಲಸ ಮಾಡಿತು. ಆದರೆ ಕೆಲವರ ರಕ್ತದಲ್ಲಿ ಪೊಟ್ಯಾಸಿಯಂ ಅಪಾಯಕಾರಿಯಾಗಿ ಇಳಿಯಿತು. ಇನ್ನು ಕೆಲವರಿಗೆ ಗುಳಿಗೆ ಬಿಟ್ಟ ಮೇಲೂ ವೀರ್ಯಾಣುಗಳು ಮರಳಲಿಲ್ಲ. ಕೊನೆಗೆ ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು. ಗಿಡದ ಸಾರ ಸೌಮ್ಯವೆಂಬುದು ನಮ್ಮ ಭಾವನೆ ಮಾತ್ರ. ಕೊಡುವ ಶಕ್ತಿ ಇರುವುದಕ್ಕೆ ಕಿತ್ತುಕೊಳ್ಳುವ ಶಕ್ತಿಯೂ ಇರುತ್ತದೆ. ಯಾವ ಗಿಡ, ಅದರ ಯಾವ ಭಾಗ, ಯಾವ ದ್ರವದಲ್ಲಿ ತೆಗೆದ ಸಾರ, ಎಷ್ಟು ದಿನ, ಎಷ್ಟು ಪ್ರಮಾಣ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಈ ಪಾಠವನ್ನು ಕಲಿಯಲು ಡಾರ್ಮ್‌ಸ್ಟಾಟ್‌ಗಿಂತ ತಕ್ಕ ಊರಿಲ್ಲ. 1668ರಲ್ಲಿ ಫ್ರೀಡ್ರಿಶ್ ಯಾಕೋಬ್ ಮೆರ್ಕ್ ಎಂಬವರು ಇಲ್ಲಿಯ ಔಷಧದಂಗಡಿಯೊಂದನ್ನು ಕೊಂಡರು. ದೇವದೂತನ ಹೆಸರು ಹೊತ್ತ ಆ ಅಂಗಡಿಯಲ್ಲಿ ಅಂದು ನಮ್ಮ ಗಂಧಿಗೆ ಅಂಗಡಿಗಳಂತೆಯೇ ಬೇರು, ತೊಗಟೆ, ಬೀಜಗಳೇ ಔಷಧ. ಅವರ ವಂಶದ ಹೈನ್ರಿಶ್ ಎಮಾನುಯೆಲ್ ಮೆರ್ಕ್ 1827ರಲ್ಲಿ ಗಿಡಗಳಿಂದ ಆಲ್ಕಲಾಯ್ಡ್‌ಗಳನ್ನು ಶುದ್ಧರೂಪದಲ್ಲಿ ಬೇರ್ಪಡಿಸಿ ದೊಡ್ಡ ಪ್ರಮಾಣದಲ್ಲಿ ಮಾರತೊಡಗಿದರು. ಅಫೀಮಿನಿಂದ ಮಾರ್ಫಿನ್ ಅವುಗಳಲ್ಲಿ ಒಂದು. ಅಫೀಮಿನ ಒಂದು ಉಂಡೆಯಲ್ಲಿ ಎಷ್ಟು ಮಾರ್ಫಿನ್ ಇದೆಯೆಂದು ವೈದ್ಯನಿಗೆ ತಿಳಿಯುತ್ತಿರಲಿಲ್ಲ. ಒಂದು ಉಂಡೆ ನೋವು ತಗ್ಗಿಸಿದರೆ, ಅಷ್ಟೇ ತೂಕದ ಇನ್ನೊಂದು ಉಂಡೆ ಉಸಿರು ನಿಲ್ಲಿಸಬಹುದಿತ್ತು. ಶುದ್ಧಗೊಳಿಸಿ ಅಳೆದು ಕೊಟ್ಟಾಗ ಅದೇ ವಸ್ತು ನಂಬಬಹುದಾದ ಔಷಧವಾಯಿತು.

ಅದೇ ಸಂಸ್ಥೆ ಇಂದು ಸಂತಾನ ಚಿಕಿತ್ಸೆಯ ಔಷಧಗಳಿಗೂ ಹೆಸರಾಗಿದೆ. 2007ರಲ್ಲಿ ಅದರಲ್ಲಿ ಸೇರಿಕೊಂಡ ಸೆರೊನೊ ಕಂಪನಿಯ ಇತಿಹಾಸವೂ ಸಾರದ ಕಥೆಯೇ. ಮೊದಲು ಮುಟ್ಟು ನಿಂತ ಮಹಿಳೆಯರ ಮೂತ್ರದಿಂದ, ಇಟಲಿಯ ಕ್ರೈಸ್ತ ಸಂನ್ಯಾಸಿನಿಯರ ಮಠಗಳಿಂದಲೂ ಸಂಗ್ರಹಿಸಿದ ಮೂತ್ರದಿಂದ, ಅವರು ಹಾರ್ಮೋನನ್ನು ಬೇರ್ಪಡಿಸುತ್ತಿದ್ದರು. ಇಂದು ಅದನ್ನು ಪ್ರಯೋಗಾಲಯದ ಜೀವಕೋಶಗಳಲ್ಲಿ ತಯಾರಿಸಿ ಅಳತೆ ಮಾಡಿದ ಚುಚ್ಚುಮದ್ದಾಗಿ ಕೊಡುತ್ತಾರೆ. ಹೆಂಗಸರಿಗೆ ಮಾತ್ರವಲ್ಲ, ಪಿಟ್ಯುಟರಿ ಗ್ರಂಥಿಯಿಂದ ಆಜ್ಞೆಯೇ ಹೊರಡದ ಗಂಡಸರಿಗೂ ವೀರ್ಯಾಣು ಉತ್ಪತ್ತಿಗಾಗಿ ಅದನ್ನು ಬಳಸುತ್ತಾರೆ. ಆದರೆ ಯಾರಿಗೆ ಆ ಆಜ್ಞೆ ಇಲ್ಲವೆಂಬುದು ತಿಳಿಯಬೇಕಾದರೆ ಮೊದಲು ಪರೀಕ್ಷೆಯಾಗಬೇಕು.

'ಆಜ್ಞೆ' ಎಂದೆ, ಅದನ್ನು ಸ್ವಲ್ಪ ವಿವರಿಸುತ್ತೇನೆ. ಮೆದುಳಿನ ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ ಪಿಟ್ಯುಟರಿ ಗ್ರಂಥಿಯಿದೆ. ಅದು ಹೊರಡಿಸುವ ಎರಡು ಹಾರ್ಮೋನುಗಳು ವೃಷಣಕ್ಕೆ ತಲುಪಿದಾಗ ಟೆಸ್ಟೋಸ್ಟೆರಾನ್ ಉತ್ಪತ್ತಿಯಾಗುತ್ತದೆ, ವೀರ್ಯಾಣುಗಳು ರೂಪುಗೊಳ್ಳುತ್ತವೆ. ಒಂದು ವೀರ್ಯಾಣು ಸಿದ್ಧವಾಗಲು ಸುಮಾರು 74 ದಿನ ಬೇಕು. ಅದು ಪಕ್ವಗೊಂಡು ಹೊರಬರಲು ಇನ್ನೂ ಒಂದೆರಡು ವಾರ. ಆದ್ದರಿಂದಲೇ ಯಾವ ಚಿಕಿತ್ಸೆಯ ಫಲವನ್ನೂ ಮೂರು ತಿಂಗಳಿಗಿಂತ ಮುಂಚೆ ಅಳೆಯಲಾಗದು. ಅಷ್ಟೇ ಅಲ್ಲ, ಮೂರು ತಿಂಗಳಾದ ಮೇಲೂ ಅಳೆಯದೆ ಎರಡೂವರೆ ವರ್ಷ ಮುಂದುವರಿಸುವುದಕ್ಕೆ ಅರ್ಥವೂ ಇಲ್ಲ.

ನಮ್ಮ ದಂಪತಿಯ ಕಥೆಗೆ ಮರಳೋಣ. ಎಲ್ಲ ಪುಡಿಗಳನ್ನೂ ನಿಲ್ಲಿಸಲು ಹೇಳಿದೆ. ಹೆಸರಿಲ್ಲದ ಡಬ್ಬಿಯ ನೆನಪಿನಿಂದ ರಕ್ತದಲ್ಲಿ ಸೀಸದ ಪ್ರಮಾಣವನ್ನೂ ಪರೀಕ್ಷಿಸಿದೆ. ಬಾಸ್ಟನ್‌ನಲ್ಲಿ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತೆಂದು 2004ರಲ್ಲೇ ವರದಿಯಾಗಿದೆ. ಸೀಸ ವೀರ್ಯಾಣುಗಳಿಗೆ ನೇರ ಶತ್ರು. ಅದೃಷ್ಟವಶಾತ್ ಆತನ ರಕ್ತದಲ್ಲಿ ಸೀಸವಿರಲಿಲ್ಲ. ಎರಡು ತಿಂಗಳಲ್ಲಿ ಯಕೃತ್ತಿನ ಕಿಣ್ವಗಳು ಸಹಜ ಸ್ಥಿತಿಗೆ ಬಂದವು. ಅಶ್ವಗಂಧದಿಂದ ಕೆಲವರ ಯಕೃತ್ತಿಗೆ ಪೆಟ್ಟಾಗುವುದು ಈಗ ದಾಖಲಾದ ವಿಷಯ. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ 2024ರಲ್ಲಿ ಯಕೃತ್ತಿನ ಕಾಯಿಲೆ ಇರುವವರಿಗೂ ಗರ್ಭಿಣಿಯರಿಗೂ ಮಕ್ಕಳಿಗೂ ಅದು ಬೇಡವೆಂದಿತು.

ಆಯಾಸ ಮಾತ್ರ ಹೋಗಲಿಲ್ಲ. ಪತ್ನಿಯನ್ನು ಹೊರಗೆ ಕೂರಿಸಿ ಮಾತನಾಡಿದಾಗ ಆತ ನೆಲ ನೋಡುತ್ತ, ಮೂರು ವರ್ಷಗಳಿಂದ ಆಸಕ್ತಿಯೇ ಕುಂದಿದೆ, ಹಾಗಾಗಿಯೇ ಪುಡಿ ಆರಂಭಿಸಿದ್ದು ಎಂದರು. ಮೊದಲ ಕೆಲವು ತಿಂಗಳು ಹುರುಪು ಬಂದಂತೆಯೂ ಅನಿಸಿತ್ತಂತೆ. ವೀರ್ಯ ಪರೀಕ್ಷೆಗೆ ಒಪ್ಪಿದರು. ಒಂದು ಮಿಲಿಲೀಟರಿನಲ್ಲಿ ಕನಿಷ್ಠ 160 ಲಕ್ಷ ವೀರ್ಯಾಣುಗಳಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಅಳತೆ. ಆತನದು ಮೊದಲ ಬಾರಿ 20 ಲಕ್ಷ, ತಿಂಗಳ ಬಳಿಕ 10 ಲಕ್ಷ. ಟೆಸ್ಟೋಸ್ಟೆರಾನ್ ಕಡಿಮೆ, ಪಿಟ್ಯುಟರಿಯ ಎರಡೂ ಆಜ್ಞೆಗಳು ಕ್ಷೀಣ, ಪ್ರೋಲ್ಯಾಕ್ಟಿನ್ ಎಂಬ ಹಾರ್ಮೋನ್ ಮಾತ್ರ ಹತ್ತಾರು ಪಟ್ಟು ಹೆಚ್ಚು. ತಲೆಯ ಎಂಆರ್‌ಐ ಮಾಡಿಸಿದಾಗ ಪಿಟ್ಯುಟರಿಯಲ್ಲಿ ಒಂದು ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದಾದ ಗೆಡ್ಡೆ ಕಂಡಿತು. ಕ್ಯಾನ್ಸರ್ ಅಲ್ಲ, ಆದರೆ ಬೆಳೆಯಲು ಬಿಟ್ಟರೆ ಕಣ್ಣಿನ ನರಗಳನ್ನು ಒತ್ತಬಲ್ಲ ಗೆಡ್ಡೆ. ಆಯಾಸ, ತಲೆನೋವು, ಕುಂದಿದ ಆಸಕ್ತಿ, ಮಗುವಾಗದಿರುವುದು, ಎಲ್ಲಕ್ಕೂ ಮೂಲ ಅದೊಂದೇ.

ಪ್ರೋಲ್ಯಾಕ್ಟಿನನ್ನು ಹದ್ದಿನಲ್ಲಿಡುವುದು ಮೆದುಳಿನ ಡೋಪಮಿನ್. ನಸುಗುನ್ನಿ ಬೀಜದಲ್ಲಿರುವುದು ದೇಹದಲ್ಲಿ ಡೋಪಮಿನ್ ಆಗಿ ಮಾರ್ಪಡುವ ಎಲ್-ಡೋಪಾ. ಲಖನೌದ ಅಧ್ಯಯನದಲ್ಲೂ ಪ್ರೋಲ್ಯಾಕ್ಟಿನ್ ಇಳಿದಿತ್ತು. ಎಂದರೆ ಆ ಡಬ್ಬಿ ಆತನ ಕಾಯಿಲೆಯ ಅಂಚನ್ನು ಮುಟ್ಟಿರಲೂಬಹುದು. ಆರಂಭದ ಹುರುಪಿಗೆ ಅದೇ ಕಾರಣವಿದ್ದೀತು, ನಂಬಿಕೆಯಷ್ಟೇ ಇದ್ದೀತು. ಆದರೆ ಗೆಡ್ಡೆಯನ್ನು ಕುಗ್ಗಿಸುವ ಶಕ್ತಿ ಅದಕ್ಕಿರಲಿಲ್ಲ; ಪರೀಕ್ಷೆಯನ್ನು ಎರಡೂವರೆ ವರ್ಷ ಮುಂದೂಡುವ ಶಕ್ತಿ ಇತ್ತು. ಈಗ ಆತನಿಗೆ ಕೊಟ್ಟಿರುವುದು ವಾರಕ್ಕೆ ಎರಡು ಬಾರಿ ನುಂಗುವ ಪುಟ್ಟ ಗುಳಿಗೆ. ಅದೂ ಡೋಪಮಿನ್‌ನಂತೆಯೇ ವರ್ತಿಸುವಂಥದು. ರೈ ಧಾನ್ಯದ ತೆನೆಗೆ ಹತ್ತುವ ಎರ್ಗಾಟ್ ಎಂಬ ಶಿಲೀಂಧ್ರದ ವಸ್ತುವನ್ನು ಮಾರ್ಪಡಿಸಿ ತಯಾರಿಸಿದ್ದು. ಅದೂ ಮೂಲತಃ ನಿಸರ್ಗದ್ದೇ. ವ್ಯತ್ಯಾಸವಿಷ್ಟೆ: ಏನಿದೆ, ಎಷ್ಟಿದೆ, ಯಾರಿಗೆ, ಏಕೆ ಎಂಬುದು ತಿಳಿದು ಕೊಟ್ಟದ್ದು.

ಇದನ್ನು ಬರೆಯುವಾಗ ನನಗೆ ನನ್ನ ಚಿಕ್ಕಮ್ಮ ನೆನಪಾಗುತ್ತಾರೆ. ಮದುವೆಯಾಗಿ ಎಂಟು ವರ್ಷ ಆಕೆ ಕಷಾಯ ಕುಡಿದರು, ಹರಕೆ ಹೊತ್ತರು. ನಾನಾಗ ಎಂಬಿಬಿಎಸ್ ಓದುತ್ತಿದ್ದೆ. ಕೊನೆಗೆ ಚಿಕ್ಕಪ್ಪ ಇನ್ನೊಂದು ಮದುವೆಯಾದರು. ಆ ಮನೆಯಲ್ಲೂ ತೊಟ್ಟಿಲು ಕಟ್ಟಲಿಲ್ಲ. ಅಷ್ಟಾದರೂ ಊರವರು ಚಿಕ್ಕಪ್ಪನ ಬಗ್ಗೆ ಒಂದು ಮಾತಾಡಲಿಲ್ಲ. ತವರಿಗೆ ಮರಳಿದ ಚಿಕ್ಕಮ್ಮನನ್ನು ಮಾತ್ರ ಶುಭಕಾರ್ಯಗಳಿಗೆ ಕರೆಯುವುದನ್ನು ಬಿಟ್ಟರು. ವೀರ್ಯ ಪರೀಕ್ಷೆ ಅಂದೂ ಇತ್ತು, ಅದನ್ನು ಪಠ್ಯದಲ್ಲಿ ಓದಿ ನಾನು ಅಂಕವನ್ನೂ ಪಡೆದಿದ್ದೆ. ಮನೆಯಲ್ಲಿ ಬಾಯಿಬಿಟ್ಟು ಹೇಳಲು ಧೈರ್ಯ ಬರಲಿಲ್ಲ. ಆ ಮೌನದಲ್ಲಿ ನನ್ನ ಪಾಲೂ ಇದೆ.

ಆದ್ದರಿಂದ ವಿದೇಶದಲ್ಲಿರುವ ನನ್ನ ಕಿರಿಯ ಬಂಧುಗಳಿಗೆ ಕೆಲವು ಮಾತುಗಳು. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ ಮೂವತ್ತೈದು ದಾಟಿದ್ದರೆ ಆರು ತಿಂಗಳಲ್ಲೇ, ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿಕೊಳ್ಳಿ. ಗಂಡಸಿನ ಪರೀಕ್ಷೆ ಅಗ್ಗ, ನೋವಿಲ್ಲದ್ದು, ಅದೇ ಮೊದಲಾಗಲಿ. ಪುಡಿ, ಗುಳಿಗೆ, ವ್ಯಾಯಾಮಶಾಲೆಯ ಡಬ್ಬಿ, ಎಲ್ಲವನ್ನೂ ವೈದ್ಯರ ಮುಂದಿಡಿ. ಟೆಸ್ಟೋಸ್ಟೆರಾನ್ ಚುಚ್ಚುಮದ್ದು ಮಕ್ಕಳಾಗಲು ನೆರವಾಗುತ್ತದೆಂಬುದು ತಿರುಗುಮುರುಗಾದ ನಂಬಿಕೆ; ಹೊರಗಿನಿಂದ ಅದು ಬಂದರೆ ಪಿಟ್ಯುಟರಿ ತನ್ನ ಆಜ್ಞೆ ನಿಲ್ಲಿಸುತ್ತದೆ, ವೀರ್ಯಾಣುಗಳು ಕಡಿಮೆಯಾಗುತ್ತವೆ. ಧೂಮಪಾನ ಬಿಡಿ, ತೂಕ ಇಳಿಸಿ. ಪ್ರನಾಳ ಚಿಕಿತ್ಸೆಯೇ ಬೇಕಾದರೆ ಜರ್ಮನಿಯ ಸಾರ್ವಜನಿಕ ಆರೋಗ್ಯ ವಿಮೆ ವಿವಾಹಿತ ದಂಪತಿಗೆ ಮೂರು ಪ್ರಯತ್ನಗಳ ಅರ್ಧ ವೆಚ್ಚ ಭರಿಸುತ್ತದೆ; ಆದರೆ ಪತ್ನಿಗೆ ನಲವತ್ತು, ಪತಿಗೆ ಐವತ್ತು ತುಂಬುವುದರೊಳಗೆ. ಗಂಡನ ಡಬ್ಬಿ ಖಾಲಿಯಾಗುವುದನ್ನು ಹೆಂಡತಿಯ ವಯಸ್ಸು ಕಾಯುವುದಿಲ್ಲ.

ಆರು ತಿಂಗಳ ಬಳಿಕ ಆತನ ಪ್ರೋಲ್ಯಾಕ್ಟಿನ್ ಸಹಜ ಮಟ್ಟಕ್ಕೆ ಇಳಿದಿದೆ, ಗೆಡ್ಡೆ ಅರ್ಧಕ್ಕಿಂತ ಕಿರಿದಾಗಿದೆ. ಕಳೆದ ವರದಿಯಲ್ಲಿ ವೀರ್ಯಾಣುಗಳು 110 ಲಕ್ಷ. ಇನ್ನೂ ಮಗುವಿನ ಸುದ್ದಿಯಿಲ್ಲ; ಬಂದೇ ಬರುತ್ತದೆಂದು ನಾನು ಭರವಸೆ ಕೊಟ್ಟಿಲ್ಲ. ಆದರೆ ಆ ವರದಿ ತೆಗೆದುಕೊಂಡು ಬಂದ ದಿನ ಆತ ನನ್ನೆದುರೇ ತಾಯಿಗೆ ಫೋನ್ ಮಾಡಿದರು. "ಅಮ್ಮಾ, ಇನ್ನು ಪುಡಿ ಕಳಿಸಬೇಡ. ತೊಂದರೆ ಇದ್ದದ್ದು ನನಗೆ, ಅವಳಿಗಲ್ಲ" ಎಂದರು. ಅತ್ತಲಿಂದ ಬಹಳ ಹೊತ್ತು ಮಾತು ಬರಲಿಲ್ಲ. ಬಳಿಕ ಆ ತಾಯಿ, "ಅವಳಿಗೆ ಫೋನ್ ಕೊಡು" ಎಂದರು.